ಊಟದ ತಟ್ಟೆಗೆ ಡಿಕಾಲ್ ಬೇಡ, ಹಾರ್ಮೋನಿಯಂಗೆ ಇರಲಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಡಿಕಾಲ್ ತಯಾರಿಸುವ ವಿಧಾನದ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ನೀರಿನಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ಅಂಟಿಸುವ ಚಿತ್ರಗಳ ವಿಷಯವನ್ನು ಕನ್ನಡ ಪತ್ರಿಕೆಯೊಂದರಲ್ಲಿ ನಾನು ಓದಿದ್ದು ಅದೇ ಮೊದಲು. ಕನ್ನಡಕ ಹುಡುಕಿ ತಂದು, ಚಹಾ ಆರುವುದನ್ನೂ ಲೆಕ್ಕಿಸದೆ ಓದಿದೆ. ಕೊನೆಯ ಎರಡು ಪ್ಯಾರಾಗಳಿಗೆ ಬಂದಾಗ ಎದೆ ಧಸಕ್ಕೆಂದಿತು. ಮಗುವಿನ ಹೆಸರನ್ನು ಮನೆಯ ಪ್ರಿಂಟರಿನಲ್ಲಿ ಮುದ್ರಿಸಿ, ಹಾಲಿನ ಲೋಟದ ಅಂಚಿಗೂ ಊಟದ ತಟ್ಟೆಯ ಒಳಗೂ ಅಂಟಿಸಿ, ಅಡುಗೆಮನೆಯ ಅವನ್‌ನಲ್ಲಿ ಅರ್ಧ ಗಂಟೆ ಕಾಯಿಸಿದರೆ ಅದು ಶಾಶ್ವತವಾಗಿ ಕೂರುತ್ತದೆ, ಆ ತಟ್ಟೆಯಲ್ಲಿ ಧಾರಾಳವಾಗಿ ಊಟ ಮಾಡಬಹುದು ಎಂದು ಅಲ್ಲಿ ಬರೆದಿದೆ. ದಯವಿಟ್ಟು ಇದನ್ನು ತಿದ್ದಿ. ಈ ಪತ್ರ ಬರೆಯಲು ಮುಖ್ಯ ಕಾರಣ ಇದೇ. ಉಳಿದದ್ದೆಲ್ಲ ಈ ಕೆಲಸದ ಮೇಲಿನ ಪ್ರೀತಿಯಿಂದ ಬರೆಯುತ್ತಿರುವುದು.

ನಾನು ಡೊಂಬಿವಲಿ ಪೂರ್ವದ ನಿವಾಸಿ. 1977ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಮುಂಬೈಗೆ ಬಂದೆ. ಹಗಲು ಫೋರ್ಟ್ ಎಂಬ ಬಡಾವಣೆಯ ಹೋಟೆಲೊಂದರಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆಯಲ್ಲಿ ಓದು. ನನ್ನ ಹಾಗೆ ಬಂದ ಎಷ್ಟೋ ಹುಡುಗರು ಅಕ್ಷರ ಕಲಿತದ್ದು ಆ ರಾತ್ರಿ ಶಾಲೆಗಳ ಮಂದ ಬೆಳಕಿನಲ್ಲಿಯೇ. 1985ರಲ್ಲಿ ಅಂಧೇರಿ ಪೂರ್ವದ ಕೈಗಾರಿಕಾ ವಸಾಹತಿನಲ್ಲಿದ್ದ ಚಿಕ್ಕ ಸ್ಕ್ರೀನ್ ಪ್ರಿಂಟಿಂಗ್ ಘಟಕಕ್ಕೆ ಸೇರಿದೆ. ಪಿಂಗಾಣಿ ಕಪ್ಪು, ತಟ್ಟೆ, ಗಾಜಿನ ಲೋಟಗಳ ಮೇಲೆ ಕೂರಿಸುವ ಚಿತ್ರಗಳನ್ನು ಅಲ್ಲಿ ಮುದ್ರಿಸುತ್ತಿದ್ದೆವು. ನಾವು ಅದನ್ನು ಟ್ರಾನ್ಸ್‌ಫರ್ ಎನ್ನುತ್ತಿದ್ದೆವು. ಡಿಕಾಲ್ ಎಂಬ ಮಾತು ರೂಢಿಗೆ ಬಂದದ್ದು ಆಮೇಲೆ. 2017ರಲ್ಲಿ ನಿವೃತ್ತನಾಗುವವರೆಗೆ, ಅಂದರೆ ಮೂವತ್ತೆರಡು ವರ್ಷ, ನನ್ನ ಅನ್ನ ಈ ಜಾರುವ ಕಾಗದದಿಂದಲೇ ಬಂದಿದೆ.

ನಾವು ಮಾಡುತ್ತಿದ್ದ ಡಿಕಾಲೂ ನಿಮ್ಮ ಬರಹದಲ್ಲಿರುವ ಡಿಕಾಲೂ ನೋಡುವುದಕ್ಕೆ ಅಣ್ಣತಮ್ಮಂದಿರ ಹಾಗಿವೆ. ಎರಡಕ್ಕೂ ಬುಡದಲ್ಲಿ ನೀರು ಹೀರುವ ಕಾಗದ, ಅದರ ಮೇಲೆ ನೀರಿಗೆ ಕರಗುವ ತೆಳ್ಳನೆಯ ಅಂಟು. ಅಲ್ಲಿಂದ ಮೇಲೆ ಮಾತ್ರ ದಾರಿ ಬೇರೆಯಾಗುತ್ತದೆ. ಕಾರ್ಖಾನೆಯಲ್ಲಿ ನಾವು ಬಳಸುತ್ತಿದ್ದ ಬಣ್ಣವೆಂದರೆ ಗಾಜಿನ ನುಣ್ಣನೆಯ ಪುಡಿಯ ಜೊತೆ ಅರೆದ ಲೋಹದ ಆಕ್ಸೈಡುಗಳು. ಅದನ್ನು ಪರದೆಯ ಮೂಲಕ ಕಾಗದದ ಮೇಲೆ ಒತ್ತಿ, ಒಣಗಿದ ಮೇಲೆ ಇಡೀ ಚಿತ್ರದ ಮೇಲೆ ಕವರ್ ಕೋಟ್ ಎಂಬ ಪೊರೆ ಎಳೆಯುತ್ತಿದ್ದೆವು. ಕಪ್ಪಿನ ಮೇಲೆ ಜಾರಿಸಿ ಕೂರಿಸಿದ ನಂತರ ಭಟ್ಟಿಗೆ ಹೋಗಬೇಕು. ಪಿಂಗಾಣಿಯಾದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್, ಗಾಜಾದರೆ 600ರ ಆಸುಪಾಸು. ಆ ಬೆಂಕಿಯಲ್ಲಿ ಪೊರೆ ಪೂರ್ತಿ ಸುಟ್ಟುಹೋಗುತ್ತದೆ. ಬಣ್ಣದ ಗಾಜು ಕರಗಿ ಕಪ್ಪಿನ ಹೊಳಪಿನೊಂದಿಗೆ ಒಂದಾಗುತ್ತದೆ. ಹಾಗೆ ಬೆಂದ ಹೂವನ್ನು ಉಗುರಿನಿಂದ ಕೆರೆದರೂ ಕೀಳಲಾಗುವುದಿಲ್ಲ.

ಮನೆಯ ಪ್ರಿಂಟರಿನಿಂದ ಬರುವುದು ಶಾಯಿ, ಇಲ್ಲವೇ ಪ್ಲಾಸ್ಟಿಕ್ಕಿನ ಟೋನರ್ ಪುಡಿ. ಅದರ ಮೇಲೆ ನಾವು ಹೊಡೆಯುವುದು ಲ್ಯಾಕರ್, ಅಂದರೆ ಒಣಗಿ ಪೊರೆ ಕಟ್ಟುವ ಪಾರದರ್ಶಕ ಲೇಪ. ಮನೆಯ ಅವನ್ 200 ಡಿಗ್ರಿ, ಹೆಚ್ಚೆಂದರೆ 250 ಡಿಗ್ರಿಗೆ ಹೋಗುತ್ತದೆ. ಅಷ್ಟು ಬಿಸಿಗೆ ಗಾಜು ಕರಗುವ ಮಾತೇ ಇಲ್ಲ. ಪೊರೆ ಸ್ವಲ್ಪ ಗಟ್ಟಿಯಾಗಬಹುದು, ಅಷ್ಟೇ. ಅದು ತಟ್ಟೆಯ ಮೇಲೆ ಕುಳಿತ ತೆಳ್ಳನೆಯ ಬಣ್ಣದ ಸಿಪ್ಪೆಯಾಗಿಯೇ ಉಳಿಯುತ್ತದೆ. ಬಿಸಿ ಸಾರು, ಹುಳಿ, ಚಮಚದ ಗೀರು, ಪಾತ್ರೆ ತೊಳೆಯುವ ನಾರು, ಇಷ್ಟು ದಿನವೂ ಬಿದ್ದರೆ ಆ ಸಿಪ್ಪೆ ಎದ್ದು ಎಲ್ಲಿಗೆ ಹೋಗುತ್ತದೆ? ಮಗುವಿನ ಹೊಟ್ಟೆಗೆ.

ಭಟ್ಟಿಯಲ್ಲಿ ಬೇಯಿಸಿದ ಡಿಕಾಲಿಗೂ ನಾವು ಎಚ್ಚರ ತಪ್ಪುತ್ತಿರಲಿಲ್ಲ. ಹಳೆಯ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಕೆಂಪು, ಹಳದಿಗಳಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು. ಕಪ್ಪಿನ ಅಂಚಿನಿಂದ ಕೆಳಕ್ಕೆ 20 ಮಿಲಿಮೀಟರ್ ತುಟಿ ತಾಗುವ ಜಾಗವೆಂದು ಪರೀಕ್ಷೆಯ ನಿಯಮಗಳಲ್ಲೇ ಲೆಕ್ಕ ಇದೆ. ನಮ್ಮ ಮೇಸ್ತ್ರಿ ಮರದ ಚಿಕ್ಕ ಅಳತೆಪಟ್ಟಿಯೊಂದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು. ಹೂವಿನ ಎಸಳೊಂದು ಆ ಗೆರೆ ದಾಟಿ ಮೇಲೆ ಹೋಗಿದ್ದರೆ ಇಡೀ ಟ್ರೇ ವಾಪಸ್ಸು ಬರುತ್ತಿತ್ತು. ಅಂಥ ಶಿಸ್ತಿನಲ್ಲಿ ಬೆಳೆದವನಿಗೆ, ಲೋಟದ ಅಂಚಿಗೇ ಹಸಿ ಶಾಯಿಯ ಹೆಸರು ಅಂಟಿಸಿ ಎಂಬ ಸಲಹೆ ಸಹಿಸಲಾಗದ ಮಾತು.

ಹಾಗೆಂದು ಮನೆಯಲ್ಲಿ ಡಿಕಾಲ್ ಮಾಡಲೇಬಾರದೆಂದು ನಾನು ಹೇಳುತ್ತಿಲ್ಲ. ಮಾಡಬೇಕು, ಅವಶ್ಯವಾಗಿ ಮಾಡಬೇಕು. ಹೂದಾನಿ, ಪೆನ್ನಿನ ಡಬ್ಬಿ, ಮರದ ಪೆಟ್ಟಿಗೆ, ಹಳೆಯ ಹೊಲಿಗೆ ಯಂತ್ರ, ಮಕ್ಕಳ ಆಟಿಕೆ ಬಸ್ಸು, ಹೀಗೆ ಯಾವ ಅಲಂಕಾರದ ಸಾಮಾನಿಗೂ ಅದು ಒಪ್ಪುತ್ತದೆ. ದೀಪದ ಗಾಜಿನ ಹೊರಮೈಗೆ ಮಾತ್ರ ಬೇಡ. ಕಳೆದ ವರ್ಷ ನಾನೇ ಒಂದು ಕೆಲಸ ಮಾಡಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಬರಹದಲ್ಲಿ ಬಿಟ್ಟುಹೋದದ್ದೆಲ್ಲ ಅದರಲ್ಲಿ ಇದೆ.

ನಮ್ಮ ಭಜನಾ ಮಂಡಳಿಯಲ್ಲಿ ಹಳೆಯ ಹಾರ್ಮೋನಿಯಂ ಒಂದಿದೆ. ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಹಿರಿಯರೊಬ್ಬರು, ಈಗ ಅವರಿಲ್ಲ, ತಮ್ಮ ಕೂಡಿಟ್ಟ ಹಣದಲ್ಲಿ ಕೊಡಿಸಿದ್ದು. ದಾನಿಗಳ ಹೆಸರು ಬರೆಸೋಣವೆಂದಾಗ ಅವರು ಒಪ್ಪಲಿಲ್ಲ. "ನನ್ನ ಹೆಸರು ಯಾಕೆ, ಶ್ರೀಕೃಷ್ಣಾರ್ಪಣಮಸ್ತು ಅಂತ ಬರೆಸಿ, ಸಾಕು" ಎಂದರು. ಪೇಂಟರ್ ಒಬ್ಬರು ಹಾರ್ಮೋನಿಯಂನ ಮನೆಗಳ, ಅಂದರೆ ಬೆರಳೊತ್ತುವ ಪಟ್ಟಿಗಳ, ಕೆಳಗಿನ ಹಲಗೆಯ ಮೇಲೆ ಕುಂಚದಲ್ಲಿ ಹಾಗೆಯೇ ಬರೆದುಕೊಟ್ಟರು. ಪ್ರತಿ ಶನಿವಾರ ಯಾರೋ ಒಬ್ಬರು ಭಕ್ತಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ, ಮೂವತ್ತು ವರ್ಷಗಳಲ್ಲಿ ನಡುವಿನ ಅಕ್ಷರಗಳೆಲ್ಲ ಅಳಿಸಿಹೋದವು. ಎಡಗಡೆ "ಶ್ರೀಕೃ", ಬಲಗಡೆ "ಮಸ್ತು" ಮಾತ್ರ ಉಳಿದಿದ್ದವು. ಅದನ್ನು ನೋಡಿದಾಗಲೆಲ್ಲ ಆ ಹಿರಿಯರ ಮುಖ ನೆನಪಾಗುತ್ತಿತ್ತು. ಈಗ ಕೈಬರಹದ ಪೇಂಟರ್ ಸಿಗುವುದು ಕಷ್ಟ, ಕನ್ನಡ ಬರೆಯುವ ಪೇಂಟರ್ ಡೊಂಬಿವಲಿಯಲ್ಲಿ ಇನ್ನೂ ಕಷ್ಟ. ನಾನೇ ಮಾಡುತ್ತೇನೆ ಎಂದು ಒಪ್ಪಿಕೊಂಡೆ.

ಡಿಕಾಲ್ ಹಾಳೆಯಲ್ಲಿ ಎರಡು ಬಗೆ: ಪಾರದರ್ಶಕ ಪೊರೆಯದು, ಬಿಳಿ ಪೊರೆಯದು. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ ಎಂಬುದನ್ನು ಎಷ್ಟೋ ಜನ ಮರೆಯುತ್ತಾರೆ. ಕಾಗದದ ಮೇಲೆ ಬಿಳಿಯಾಗಿ ಕಾಣುವುದು ಕಾಗದವೇ ಹೊರತು ಶಾಯಿಯಲ್ಲ. ಪಾರದರ್ಶಕ ಹಾಳೆಯ ಮೇಲೆ ಹಳದಿ ಅಕ್ಷರ ಮುದ್ರಿಸಿ ಕಡು ಕಂದು ಮರದ ಮೇಲೆ ಕೂರಿಸಿದರೆ ಏನೂ ಕಾಣುವುದಿಲ್ಲ. ಹಾರ್ಮೋನಿಯಂ ಸಾಗುವಾನಿಯದು, ಪಾಲಿಶ್ ಹಳೆಯದಾಗಿ ಕಪ್ಪಗಾಗಿದೆ. ಅದಕ್ಕೆ ಮೊದಲು ಆ ಜಾಗದಲ್ಲಿ ಉದ್ದನೆಯ ಪಟ್ಟಿಯಷ್ಟು ಕೆನೆಬಣ್ಣ ಬಳಿದೆ. ಅದರ ಮೇಲೆ ಪಾರದರ್ಶಕ ಹಾಳೆಯಲ್ಲಿ ಕುಂಕುಮದ ಬಣ್ಣದ ಅಕ್ಷರ. ಹೀಗೆ ಮಾಡಿದರೆ ಕತ್ತರಿಸಿದ ಅಂಚು ಕಣ್ಣಿಗೆ ಬೀಳುವುದಿಲ್ಲ. ಬಿಳಿ ಹಾಳೆ ಬಳಸಿದ್ದರೆ ಪ್ರತಿ ಅಕ್ಷರದ ಸುತ್ತ ಬಿಳಿ ಗೆರೆ ಉಳಿಯುತ್ತಿತ್ತು.

ಇಂಕ್‌ಜೆಟ್ ಹಾಳೆ ಬೇರೆ, ಲೇಸರ್ ಹಾಳೆ ಬೇರೆ. ಇದನ್ನೂ ನಿಮ್ಮ ಬರಹ ಹೇಳಲಿಲ್ಲ. ಲೇಸರ್ ಯಂತ್ರದಲ್ಲಿ ಟೋನರನ್ನು ಕರಗಿಸಿ ಅಂಟಿಸುವ ಬಿಸಿ ಉರುಳೆ ಇರುತ್ತದೆ. ಇಂಕ್‌ಜೆಟ್ ಹಾಳೆಯ ಪೊರೆ ಆ ಬಿಸಿಗೆ ಕರಗಿ ಉರುಳೆಗೆ ಸುತ್ತಿಕೊಳ್ಳಬಹುದು. ಪರಿಚಯದ ಹುಡುಗನೊಬ್ಬ ಹೀಗೆಯೇ ತಪ್ಪು ಹಾಳೆ ಹಾಕಿ ಅಂಗಡಿಯವರ ಯಂತ್ರ ಕೆಡಿಸಿ, ದುರಸ್ತಿಯ ಹಣ ಕೊಟ್ಟುಬಂದ. ಹಾಳೆಯ ಲಕೋಟೆಯ ಮೇಲೆ ಯಾವ ಯಂತ್ರಕ್ಕೆ ಎಂದು ಬರೆದಿರುತ್ತದೆ, ಅದನ್ನು ಓದಿಯೇ ಹಾಕಬೇಕು. ಇನ್ನೊಂದು ಮಾತು: ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಮುದ್ರಿಸಿ ಎಂದು ಬರೆದಿದ್ದೀರಿ. ಟೀ ಶರ್ಟಿಗೆ ಇಸ್ತ್ರಿ ಒತ್ತಿ ಅಂಟಿಸುವ ಹಾಳೆಗೆ ಅದು ಸರಿ. ಬಬಲ್ ಗಮ್ ಜೊತೆ ಬರುತ್ತಿದ್ದ, ಕೈಮೇಲೆ ಮಗುಚಿ ಒತ್ತುತ್ತಿದ್ದ ಚಿತ್ರಗಳಿಗೂ ಸರಿ. ಜಾರಿಸುವ ಡಿಕಾಲಿನಲ್ಲಿ ಚಿತ್ರ ಮಗುಚುವುದಿಲ್ಲ, ಮುಖ ಮೇಲಾಗಿಯೇ ಇರುತ್ತದೆ. ಗಾಜಿನ ಒಳಮೈಗೆ ಅಂಟಿಸಿ ಹೊರಗಿನಿಂದ ಓದಬೇಕಾದರೆ ಮಾತ್ರ ತಿರುಗಿಸಬೇಕು.

ಈಗ ನಮ್ಮ ಅಕ್ಷರಗಳ ವಿಷಯ. ಇದು ನನಗೆ ಎಲ್ಲಕ್ಕಿಂತ ಹತ್ತಿರದ್ದು.

ಮಂಡಳಿಯ ಕಾರ್ಯದರ್ಶಿಯವರು ಮೊದಲು ಆ ಸಾಲನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕೊಟ್ಟರು. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಮೂಡಿತು. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯುನಿಕೋಡ್ ಅಕ್ಷರದಲ್ಲಿ ಮತ್ತೆ ಟೈಪ್ ಮಾಡಿಸಿದೆವು. ಅಂಗಡಿಯ ಹುಡುಗ ಅದನ್ನು ತನ್ನ ಹಳೆಯ ವಿನ್ಯಾಸ ತಂತ್ರಾಂಶಕ್ಕೆ ಹಾಕಿದ. ಈ ಸಲ ಕನ್ನಡವೇ ಬಂತು, ಆದರೆ ಒತ್ತುಗಳೆಲ್ಲ ಕಳಚಿ ಬಂದವು. ಷಕಾರದ ಕೆಳಗೆ ಇರಬೇಕಾದ ಣಕಾರದ ಒತ್ತು ಪಕ್ಕದಲ್ಲಿ ಪೂರ್ತಿ ಅಕ್ಷರವಾಗಿ ನಿಂತಿತ್ತು. ಅರ್ಕಾವೊತ್ತು ತನ್ನ ಜಾಗ ಬಿಟ್ಟು ಮುಂದಕ್ಕೆ ಹೋಗಿತ್ತು. ಸಕಾರದ ತಲೆಯ ಮೇಲೊಂದು ಗೆರೆ, ತುಕಾರ ಬೇರೆ. ಹುಡುಗನಿಗೆ ಕನ್ನಡ ಬರುವುದಿಲ್ಲ, ಅವನ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಅವನದೇನೂ ತಪ್ಪಿಲ್ಲ. ನಾನು ಅಲ್ಲಿಲ್ಲದೆ ಹೋಗಿದ್ದರೆ ಅದೇ ಮುದ್ರಣವಾಗಿ, ಅದೇ ಹಾರ್ಮೋನಿಯಂ ಮೇಲೆ ಕೂರುತ್ತಿತ್ತು. ಮುಂಬೈಯಲ್ಲಿ ಎಷ್ಟು ಸನ್ಮಾನ ಫಲಕಗಳ ಮೇಲೆ, ಎಷ್ಟು ಬ್ಯಾನರುಗಳ ಮೇಲೆ ಹೀಗೆ ಮುರಿದ ಕನ್ನಡ ಕಂಡಿದ್ದೇನೆ! ಪ್ರತಿ ಸಲವೂ ಸಂಕಟವಾಗುತ್ತದೆ.

ಉಪಾಯ ಬಹಳ ಸುಲಭ. ಮನೆಯಲ್ಲೇ, ಅಕ್ಷರ ಸರಿಯಾಗಿ ಕಾಣುವ ಕಂಪ್ಯೂಟರಿನಲ್ಲಿಯೇ, ಇಡೀ ಸಾಲನ್ನು ಪಿಡಿಎಫ್ ಮಾಡಿಕೊಳ್ಳಬೇಕು, ಇಲ್ಲವೇ 600 ಡಿಪಿಐ (ಇಂಚಿಗೆ 600 ಚುಕ್ಕೆ) ಚಿತ್ರವಾಗಿ ಉಳಿಸಿಕೊಳ್ಳಬೇಕು. ಆಮೇಲೆ ಯಾರ ಯಂತ್ರಕ್ಕೆ ಹಾಕಿದರೂ ಒತ್ತು ಕಳಚುವುದಿಲ್ಲ. ಮೊದಲು ಸಾದಾ ಕಾಗದದ ಮೇಲೆ ಒಂದು ಪ್ರತಿ ತೆಗೆದು, ಕತ್ತರಿಸಿ, ಕೂರಿಸಬೇಕಾದ ಜಾಗದಲ್ಲಿ ಇಟ್ಟು ನೋಡಬೇಕು. ನಮ್ಮ ಸೊಸೆ ಪಿಡಿಎಫ್ ಮಾಡಿಕೊಟ್ಟಳು. 16 ಸೆಂಟಿಮೀಟರ್ ಉದ್ದ ಸರಿಹೊಂದಿತು.

ಕತ್ತರಿಸುವಾಗ ಇನ್ನೊಂದು ಎಚ್ಚರ ಬೇಕು. ಇಂಗ್ಲಿಷ್ ಅಕ್ಷರಗಳಿಗೆ ಕತ್ತರಿ ನೇರವಾಗಿ ಓಡಿಸಿದರೆ ನಡೆಯುತ್ತದೆ. ಕನ್ನಡದಲ್ಲಿ ಒತ್ತು ಸಾಲಿನ ಕೆಳಗೆ ಇಳಿದಿರುತ್ತದೆ, ದೀರ್ಘದ ಕೊಂಬು ಬಲಕ್ಕೆ ಚಾಚಿರುತ್ತದೆ. ಅಕ್ಷರಕ್ಕೆ ಅಂಟಿಕೊಂಡ ಹಾಗೆ ಕತ್ತರಿಸಿದರೆ ಕೃಷ್ಣನ ಣ ಒತ್ತು ತುಂಡಾಗಿ ಕಾಗದದ ಚೂರಿನೊಂದಿಗೆ ಕಸಕ್ಕೆ ಹೋಗುತ್ತದೆ. ಸುತ್ತಲೂ ಮೂರು ಮಿಲಿಮೀಟರ್ ಬಿಟ್ಟು, ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಚೂಪಾದ ಮೂಲೆ ಬೇಗ ಏಳುತ್ತದೆ.

ಮೊದಲ ಸಲ ನಾನೇ ತಪ್ಪು ಮಾಡಿದೆ. ಗೋಕುಲಾಷ್ಟಮಿಯ ಭಜನೆಗೆ ಹಾರ್ಮೋನಿಯಂ ಸಿದ್ಧವಾಗಬೇಕೆಂಬ ಆತುರ. ಹೊರಗೆ ಮುಂಬೈಯ ಮಳೆ, ಗೋಡೆಗಳೇ ಬೆವರುವ ದಿನಗಳು. ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ಹಾಳೆಗೆ ಲ್ಯಾಕರ್ ಹೊಡೆಯಲೇಬೇಕು. ಕಾರ್ಖಾನೆಯ ಡಿಕಾಲಿನಲ್ಲಿ ಪೊರೆ ಬಣ್ಣದ ಮೇಲಿರುತ್ತದೆ. ಮನೆಯ ಹಾಳೆಯಲ್ಲಿ ಪೊರೆ ಕೆಳಗೆ, ಶಾಯಿ ಮೇಲೆ ಬಯಲಿನಲ್ಲಿ. ಲ್ಯಾಕರ್ ಇಲ್ಲದೆ ನೀರಿಗೆ ಹಾಕಿದರೆ ಶಾಯಿ ರಂಗೋಲಿಯ ಮೇಲೆ ಮಳೆ ಬಿದ್ದಂತೆ ಕದಡಿಹೋಗುತ್ತದೆ. ಅದು ನನಗೆ ಗೊತ್ತಿತ್ತು, ಹೊಡೆದೆ. ಆದರೆ ಗಾಳಿಯ ತೇವ ಆರುತ್ತಿರುವ ಲ್ಯಾಕರಿನ ಮೇಲೆ ಕುಳಿತು, ಹತ್ತು ನಿಮಿಷದಲ್ಲಿ ಇಡೀ ಹಾಳೆಯ ಮೇಲೆ ಹಾಲಿನ ಕೆನೆಯಂತೆ ಬಿಳಿ ಮಸುಕು ಕಟ್ಟಿತು. ಕುಂಕುಮದ ಬಣ್ಣ ಮಾಸಲು ಗುಲಾಬಿಯಾಯಿತು. ಕೆಲಸದಲ್ಲಿದ್ದಾಗ ಮಳೆಗಾಲದಲ್ಲಿ ಒಣಗಿಸುವ ಕೋಣೆಯ ಬಾಗಿಲು ಮುಚ್ಚಿ, ವಿದ್ಯುತ್ ದೀಪಗಳನ್ನು ಉರಿಸಿ, ತೇವ ಇಳಿದ ಮೇಲಷ್ಟೇ ಪೊರೆ ಎಳೆಯುತ್ತಿದ್ದೆವು. ಮೂವತ್ತೆರಡು ವರ್ಷ ಕಂಡದ್ದನ್ನು ಒಂದು ಸಂಜೆಯ ಆತುರದಲ್ಲಿ ಮರೆತೆ. ಆ ಅಷ್ಟಮಿಗೆ ಹಾರ್ಮೋನಿಯಂ "ಶ್ರೀಕೃ", "ಮಸ್ತು" ಎಂದೇ ಹಾಡಿತು.

ಕಾರ್ತಿಕ ಮಾಸ ಬಂತು, ಗಾಳಿ ಒಣಗಿತು. ಕಟ್ಟಡದ ತಾರಸಿಯ ಮೇಲೆ, ಬೆಳಗಿನ ಹತ್ತು ಗಂಟೆಗೆ, ಹೊಸ ಹಾಳೆಗೆ ಲ್ಯಾಕರ್ ಹೊಡೆದೆ. ಒಂದೇ ಸಲಕ್ಕೆ ದಪ್ಪಗೆ ಹೊಡೆಯಬಾರದು. ಮಂಜು ಬಿದ್ದಷ್ಟು ತೆಳುವಾಗಿ ಒಂದು ಸುತ್ತು, ಕಾಲು ಗಂಟೆ ಬಿಟ್ಟು ಇನ್ನೊಂದು, ಮತ್ತೊಂದು. ಆಮೇಲೆ ಒಂದು ರಾತ್ರಿ ಒಣಗಲು ಬಿಟ್ಟೆ. ಇಲ್ಲಿ ಒಂದು ಮಾತನ್ನು ತಾಯಂದಿರಿಗೆ ವಿಶೇಷವಾಗಿ ಹೇಳಬೇಕು. ಆ ಸ್ಪ್ರೇ ಡಬ್ಬಿಯಿಂದ ಬರುವುದು ಬೆಂಕಿ ಹಿಡಿಯುವ ಆವಿ. ನಮ್ಮ ಮುಂಬೈ ಮನೆಗಳಲ್ಲಿ ಅಡುಗೆಯ ಒಲೆಯೂ ದೇವರ ದೀಪವೂ ನಾಲ್ಕು ಹೆಜ್ಜೆಯ ಅಂತರದಲ್ಲಿಯೇ ಇರುತ್ತವೆ. ಮುಚ್ಚಿದ ಕೋಣೆಯಲ್ಲಿ ಹೊಡೆಯಲೇಬೇಡಿ. ತಾರಸಿಗೆ ಹೋಗಿ, ಮೂಗುಬಾಯಿಗೆ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ.

ಇನ್ನು ನೀರಿನ ಕೆಲಸ. ಇದನ್ನು ನನಗೆ ಕಲಿಸಿದವರು ನಮ್ಮ ಘಟಕದಲ್ಲಿದ್ದ ರತ್ನಾಗಿರಿ ಕಡೆಯ ಒಬ್ಬ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ). ನಾವು ಗಂಡಸರು ಮುದ್ರಿಸುತ್ತಿದ್ದೆವು. ಮಾದರಿ ಕಪ್ಪುಗಳ ಮೇಲೆ ಕೂರಿಸುವುದೆಲ್ಲ ಹೆಂಗಸರ ಮೇಜಿನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕೈ ನೀರಿನಲ್ಲಿ. ಸಂಜೆ ಅವರ ಬೆರಳ ತುದಿ ಒಣದ್ರಾಕ್ಷಿಯ ಹಾಗೆ ಸುಕ್ಕಾಗಿರುತ್ತಿತ್ತು. ಹೊಸಬನಾದ ನಾನು ಒಮ್ಮೆ ಕಾಗದ ನೆನೆಯುವ ಮೊದಲೇ ಉಗುರು ಹಾಕಿ ಎಳೆದು ಗುಲಾಬಿಯೊಂದನ್ನು ಹರಿದುಬಿಟ್ಟೆ. ಮಾವಶಿ ಬೈಯಲಿಲ್ಲ. "ಪಾಣ್ಯಾಲಾ ವೇಳ ದೇ" ಎಂದರು. ನೀರಿಗೆ ಸಮಯ ಕೊಡು ಎಂದು. ಇವತ್ತಿಗೂ ಡಿಕಾಲ್ ಕೈಗೆ ಬಂದಾಗ ಕಿವಿಯಲ್ಲಿ ಆ ಮಾತು ಇರುತ್ತದೆ.

ಉಗುರುಬೆಚ್ಚಗಿನ ನೀರನ್ನು ಅಗಲವಾದ ಪಾತ್ರೆಯಲ್ಲಿ ತೆಗೆದುಕೊಂಡೆ. ಚೂರನ್ನು ಮುಖ ಮೇಲಾಗಿ ನೀರಿಗೆ ಬಿಟ್ಟ ಕೂಡಲೇ ಅದು ಸುರುಳಿ ಸುತ್ತಿಕೊಳ್ಳುತ್ತದೆ. ಆಗ ಗಾಬರಿಯಾಗಿ ಬಿಡಿಸಲು ಹೋಗಬಾರದು. ಕಾಗದ ನೀರು ಕುಡಿಯುತ್ತಾ ಬಂದ ಹಾಗೆ ತಾನೇ ಮೆಲ್ಲಗೆ ಬಿಚ್ಚಿ ಚಪ್ಪಟೆಯಾಗುತ್ತದೆ. ಅರ್ಧ ನಿಮಿಷ ಕಳೆದ ಮೇಲೆ ಹೊರಗೆ ತೆಗೆದು, ತಟ್ಟೆಯ ಮೇಲೆ ಇನ್ನರ್ಧ ನಿಮಿಷ ಇಟ್ಟೆ. ನೀರಿನಲ್ಲಿಯೇ ತೇಲಲು ಬಿಟ್ಟರೆ ಅಂಟೆಲ್ಲ ತೊಳೆದುಹೋಗುತ್ತದೆ, ಆಮೇಲೆ ಚಿತ್ರ ಹಿಡಿಯುವುದಿಲ್ಲ. ಹೆಬ್ಬೆರಳಿನಿಂದ ಅಂಚನ್ನು ಮೆಲ್ಲಗೆ ಒತ್ತಿ ತಳ್ಳಿ ನೋಡಬೇಕು. ಪೊರೆ ಕೂದಲೆಳೆಯಷ್ಟು ಸರಿದರೆ ಹದ ಬಂದಿದೆ ಎಂದರ್ಥ. ಸರಿಯದಿದ್ದರೆ ಇನ್ನೂ ಕಾಯಬೇಕು.

ಹಲಗೆಯ ಮೇಲೆ ಬೆರಳಿನಿಂದ ನೀರು ಸವರಿ, ಕಾಗದವನ್ನು ಪಕ್ಕದಲ್ಲೇ ಹಿಡಿದು, ಪೊರೆಯನ್ನು ಅದರಿಂದ ಹಲಗೆಗೆ ಜಾರಿಸಿದೆ. ಆ ಕ್ಷಣದಲ್ಲಿ ಅದು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗೆ, ಮೀನಿನ ಹಾಗೆ ಜಾರುತ್ತಿರುತ್ತದೆ. ನೀರು ಇರುವವರೆಗೆ ಎಡಕ್ಕೆ ಬಲಕ್ಕೆ ಸರಿಸಬಹುದು. ಸಾಲು ನೇರವಾಗಿದೆಯೇ ಎಂದು ಮನೆಗಳ ಅಂಚಿಗೆ ಹೋಲಿಸಿ ನೋಡಿದೆ. ಆಮೇಲೆ ಹಳೆಯ ಹತ್ತಿ ಪಂಚೆಯ ತುಂಡನ್ನು ಮಡಿಸಿ, ನಡುವಿನಿಂದ ಹೊರಕ್ಕೆ ನೀರು ಒತ್ತಿ ತೆಗೆದೆ. ಅಂಚಿನಿಂದ ನಡುವಿಗೆ ಒತ್ತಿದರೆ ನೀರೂ ಗಾಳಿಯೂ ಒಳಗೇ ಸಿಕ್ಕಿಬೀಳುತ್ತವೆ. "ರ್ಪ"ದ ಹತ್ತಿರ ಸಾಸಿವೆಯಷ್ಟು ಗಾಳಿಯ ಗುಳ್ಳೆ ಉಳಿಯಿತು. ಸಣ್ಣ ಸೂಜಿಯಿಂದ ಚುಚ್ಚಿ, ಒಂದು ಹನಿ ನೀರು ಬೆರೆಸಿದ ವಿನೆಗರ್ ಮುಟ್ಟಿಸಿ ಒತ್ತಿದೆ. ವಿನೆಗರ್ ಪೊರೆಯನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ, ಹೆಚ್ಚು ಹಾಕಬಾರದು.

ಕೆಳಗಿನ ಮೈ ನುಣುಪಾಗಿ ಹೊಳೆಯುತ್ತಿರಬೇಕು, ಇದು ಬಹಳ ಮುಖ್ಯ. ಒರಟು ಮೈಯ ಸಣ್ಣ ಸಣ್ಣ ಗುಳಿಗಳಲ್ಲಿ ಗಾಳಿ ನಿಂತರೆ ಒಣಗಿದ ಮೇಲೆ ಪೊರೆಯ ಕೆಳಗೆ ಬೆಳ್ಳಿಯಂತೆ ಮಿಂಚುವ ಮಚ್ಚೆಗಳು ಕಾಣುತ್ತವೆ. ನೋಡಿದವರಿಗೆ ಅಲ್ಲಿ ಸ್ಟಿಕ್ಕರ್ ಅಂಟಿಸಿದ್ದಾರೆಂದು ತಕ್ಷಣ ಗೊತ್ತಾಗುತ್ತದೆ. ಅದಕ್ಕೆ ಕೆನೆಬಣ್ಣ ಒಣಗಿದ ಮೇಲೆ ನೀರುಕಾಗದದಿಂದ (ನೀರು ಹಚ್ಚಿ ಉಜ್ಜುವ ನುಣ್ಣನೆಯ ಮರಳುಕಾಗದ) ತಿಕ್ಕಿ, ಒಂದು ಸುತ್ತು ಹೊಳಪಿನ ಲ್ಯಾಕರ್ ಮೊದಲೇ ಹೊಡೆದಿದ್ದೆ. ಡಿಕಾಲ್ ಕೂರಿಸಿ ಒಂದು ದಿನ ಪೂರ್ತಿ ಬಿಟ್ಟು, ಮೇಲೆ ಮತ್ತೆರಡು ಸುತ್ತು ಕೊಟ್ಟೆ. ಈಗ ಬೆರಳಾಡಿಸಿದರೆ ಅಂಚು ಸಿಗುವುದಿಲ್ಲ.

ಹಾರ್ಮೋನಿಯಂ ನೋಡಿದ ಮೊಮ್ಮಗ ತನ್ನ ಶಾಲೆಯ ಕೆಲಸಕ್ಕೂ ಡಿಕಾಲ್ ಬೇಕೆಂದ. ಸನ್‌ಬೋರ್ಡ್ ಎಂಬ ಹಗುರ ಹಲಗೆಯಲ್ಲಿ, ಮುಂಬೈಯ ನಗರ ಸಾರಿಗೆಯಾದ ಬೆಸ್ಟ್‌ನ ಕೆಂಪು ಡಬಲ್ ಡೆಕ್ಕರ್ ಬಸ್ಸು ಕಟ್ಟಿದ್ದ. ಮುಂಬೈಯಲ್ಲಿ ಆ ಬಸ್ಸುಗಳು 1937ರಲ್ಲಿ ಓಡಲಾರಂಭಿಸಿದವು. ಹಳೆಯ ಡೀಸೆಲ್ ಬಸ್ಸಿನ ಕೊನೆಯ ಓಟ 2023ರ ಸೆಪ್ಟೆಂಬರ್ 15ರಂದು, ಅಂಧೇರಿಯ 415ನೇ ಮಾರ್ಗದಲ್ಲಿ. ಅಂಧೇರಿಯ ಸೀಪ್ಜ್ ಎಂಬ ಕೈಗಾರಿಕಾ ವಲಯದ ಕಡೆ ಕೆಲಸಕ್ಕೆ ಹೋಗುತ್ತಿದ್ದ ನಮ್ಮಂಥವರು ಹತ್ತಿ ಇಳಿದ ಮಾರ್ಗ ಅದು. ಅವನು ಕೆಂಪು ಮೈಮೇಲೆ ಬಿಳಿ ಅಂಕಿ ಕೇಳಿದಾಗ ಮತ್ತೆ ಅದೇ ಬಿಳಿ ಶಾಯಿಯ ಪ್ರಶ್ನೆ ಎದುರಾಯಿತು. ಬಿಳಿ ಹಾಳೆಯ ಮೇಲೆ ಬಸ್ಸಿನ ಮಾರ್ಗಸಂಖ್ಯೆಯ ಕಪ್ಪು ಹಲಗೆಯನ್ನೇ ಮುದ್ರಿಸಿ, ದೇವನಾಗರಿಯ 415 ಅನ್ನು ಬಿಳಿಯಾಗಿ ಖಾಲಿ ಬಿಟ್ಟು, ಹಲಗೆಯ ಅಂಚಿಗೆ ಕತ್ತರಿಸಿ ಕೂರಿಸಿದೆವು. ಪಕ್ಕದ ಮೈಮೇಲೆ ಅವನ ಹೆಸರು ಕನ್ನಡದಲ್ಲಿ. ಇಂಗ್ಲಿಷ್ ಶಾಲೆಗೆ ಹೋಗುವ ಹುಡುಗ, ಮನೆಯಲ್ಲಿ ಮಾತ್ರ ಕನ್ನಡ. ತನ್ನ ಹೆಸರಿನ ಒತ್ತು ಎಲ್ಲಿ ಬರುತ್ತದೆ ಎಂದು ಕತ್ತರಿ ಹಿಡಿದು ಕೇಳಿದ. ನಾನು ತೋರಿಸಿದೆ. ಸುತ್ತ ಮೂರು ಮಿಲಿಮೀಟರ್ ಬಿಟ್ಟು ಅವನೇ ಕತ್ತರಿಸಿದ.

ಬೈಕಿನ ಹೆಲ್ಮೆಟ್ಟಿಗೂ ಹಾಕಬಹುದೇ ಎಂದು ಮಂಡಳಿಯ ತರುಣರು ಕೇಳುತ್ತಿರುತ್ತಾರೆ. ಬೇಡವೆಂದೇ ಹೇಳುತ್ತೇನೆ. ಲ್ಯಾಕರಿನ ದ್ರಾವಕ ಕೆಲವು ಪ್ಲಾಸ್ಟಿಕ್ಕನ್ನು ಒಳಗಿನಿಂದ ದುರ್ಬಲ ಮಾಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತಲೆ ಕಾಯುವ ವಸ್ತುವನ್ನು ಹಾಗೇ ಬಿಡಬೇಕು.

ಸಂಪಾದಕರೇ, ಬರಹ ಬರೆದವರ ಮೇಲೆ ನನಗೆ ಕೋಪವಿಲ್ಲ. ಅವರ ಉತ್ಸಾಹ ನಿಜವಾದದ್ದು, ಚಿತ್ರಗಳೂ ಚೆನ್ನಾಗಿದ್ದವು. ಆದರೆ ಪತ್ರಿಕೆಯಲ್ಲಿ ಅಚ್ಚಾದದ್ದನ್ನು ನಮ್ಮ ಜನ ನಂಬುತ್ತಾರೆ. ಬರಹ ಬಂದ ಮರುದಿನವೇ ನಮ್ಮ ಕಟ್ಟಡದ ಮೂರನೆಯ ಮಹಡಿಯ ತಾಯಿಯೊಬ್ಬರು ಆ ಪುಟ ಹಿಡಿದುಕೊಂಡು ಬಂದು, ಮಗಳ ಹುಟ್ಟುಹಬ್ಬಕ್ಕೆ ಬರುವ ಮಕ್ಕಳಿಗೆಲ್ಲ ಹೆಸರು ಬರೆದ ಹಾಲಿನ ಕಪ್ಪು ಕೊಡಬೇಕೆಂದಿದ್ದೇನೆ, ಹಾಳೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನಾನು ವಿಷಯ ತಿಳಿಸಿ ಹೇಳಿದೆ. ಅವರು ಕಪ್ಪು ಬಿಟ್ಟು ಪೆನ್ನಿನ ಡಬ್ಬಿ ತಂದರು. ಹನ್ನೆರಡು ಡಬ್ಬಿಗಳಿಗೆ ಇಬ್ಬರೂ ಕುಳಿತು ಹೆಸರು ಕೂರಿಸಿದೆವು. ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡ ಬೇರೆ ತಾಯಂದಿರಿಗೆ ಹೇಳುವವರು ಯಾರು? ಅದಕ್ಕೇ ತಿದ್ದುಪಡಿಯನ್ನು ಮೂಲೆಯಲ್ಲಿ ಎರಡು ಸಾಲಾಗಿ ಹಾಕದೆ, ಮುಂದಿನ ಭಾನುವಾರ ಅದೇ ಪುರವಣಿಯ ಅದೇ ಪುಟದಲ್ಲಿ, ದಪ್ಪಕ್ಷರದಲ್ಲಿ ಹಾಕಿರೆಂದು ಬೇಡಿಕೊಳ್ಳುತ್ತೇನೆ: ಮನೆಯ ಪ್ರಿಂಟರಿನ ಡಿಕಾಲನ್ನು ಆಹಾರ, ತುಟಿ, ನಾಲಗೆ ತಾಗುವ ಯಾವ ಜಾಗಕ್ಕೂ ಹಾಕಬಾರದು, ಅವನ್‌ನಲ್ಲಿ ಕಾಯಿಸಿದರೂ ಹಾಕಬಾರದು.

ಈಗಾಗಲೇ ತಟ್ಟೆಗೆ ಅಂಟಿಸಿದವರು ಬಿಸಿನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ಪೊರೆಯನ್ನೆಲ್ಲ ತೆಗೆಯಲಿ. ಪೂರ್ತಿ ಹೋಗದಿದ್ದರೆ ಆ ತಟ್ಟೆಯನ್ನು ಊಟಕ್ಕೆ ಬಳಸದೆ ಹೂಕುಂಡದ ಕೆಳಗೆ ಇಡಲಿ. ಕನ್ನಡದ ಹೆಸರು ಕೂರಿಸುವುದನ್ನು ಕಲಿಯಬೇಕೆನ್ನುವ ಓದುಗರಿದ್ದರೆ ನಿಮ್ಮ ಕಚೇರಿಗೆ ತಿಳಿಸಲಿ. ನೀವು ಹೇಳಿದ ಭಾನುವಾರ, ನೀವು ಹೇಳಿದ ಜಾಗಕ್ಕೆ, ಹಾಳೆ, ಕತ್ತರಿ ಮತ್ತು ಪಂಚೆಯ ತುಂಡು ತೆಗೆದುಕೊಂಡು ನಾನೇ ಬರುತ್ತೇನೆ. ಮಳೆಗಾಲ ಮುಗಿದ ಮೇಲೆ ಇಟ್ಟುಕೊಂಡರೆ ಲ್ಯಾಕರಿಗೆ ಒಳ್ಳೆಯದು.

ಇಂತಿ ನಿಮ್ಮ ಓದುಗ,
ನಿವೃತ್ತ ಸ್ಕ್ರೀನ್ ಪ್ರಿಂಟಿಂಗ್ ಕೆಲಸಗಾರ,
ಡೊಂಬಿವಲಿ ಪೂರ್ವ